ಉಳಿಯಿತೆಂದ ಹಣ ಎಲ್ಲಿದೆ? ನಮ್ಮ ಶುಗರ್–ಬಿಪಿ ಯೋಜನೆಯ ತಿದ್ದಿದ ಲೆಕ್ಕ



ಕಳೆದ ವಾರ್ಷಿಕ ಮಹಾಸಭೆಯಲ್ಲಿ ವೈದ್ಯಕೀಯ ನೆರವು ನಿಧಿಯ ಲೆಕ್ಕ ಓದಿ ನಾನು ಕುಳಿತುಕೊಳ್ಳುವಷ್ಟರಲ್ಲಿ ನಮ್ಮ ಹಿರಿಯ ದಾನಿಯೊಬ್ಬರು ಎದ್ದು ನಿಂತರು. ನಲವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತು ಹಣ ಎಣಿಸಿದವರು. "ಕೋಶಾಧಿಕಾರಿಗಳೇ, ಶುಗರ್–ಬಿಪಿ ಯೋಜನೆಗೆ 3 ಲಕ್ಷ 60 ಸಾವಿರ ಖರ್ಚು ಮಾಡಿ 7 ಲಕ್ಷ 80 ಸಾವಿರ ಉಳಿಸಿದ್ದೇವೆ ಅಂತ ವಾರ್ತಾಪತ್ರದಲ್ಲಿ ಬರೆದಿದ್ದೀರಿ. ಬಹಳ ಸಂತೋಷ. ಆ ಉಳಿದ ದುಡ್ಡು ಯಾವ ಖಾತೆಯಲ್ಲಿದೆ, ಸ್ವಲ್ಪ ತೋರಿಸ್ತೀರಾ?" ಎಂದು ಕೇಳಿದರು.

ಸಭೆ ನಕ್ಕಿತು. "ಅದು ಕೈಗೆ ಬಂದ ಹಣವಲ್ಲ, ತಪ್ಪಿದ ಆಸ್ಪತ್ರೆ ಖರ್ಚು" ಎಂದು ನಾನು ಹೇಳಿದೆ. ಅವರು ತಲೆಯಾಡಿಸಿ ಕುಳಿತರು. ಆದರೆ ಸಮಾಧಾನವಾಗಿರಲಿಲ್ಲ ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಮನೆಗೆ ಹೋಗುವ ರೈಲಿನಲ್ಲಿ ಯೋಚಿಸಿದಾಗ ನನಗೂ ಆಗಲಿಲ್ಲ. ಮರುದಿನದಿಂದ ರಿಜಿಸ್ಟರುಗಳನ್ನು ಮತ್ತೆ ತೆರೆದು ಕುಳಿತೆ.

ಫಲಿತಾಂಶವನ್ನು ಮೊದಲೇ ಹೇಳಿಬಿಡುತ್ತೇನೆ. ಕಳೆದ ವರ್ಷ ನಾನು ಬರೆದ ಲೆಕ್ಕ ತಪ್ಪು. ಯೋಜನೆ ಹಣ ಉಳಿಸಿಲ್ಲ. ಆದರೂ ಅದನ್ನು ನಿಲ್ಲಿಸಬಾರದು, ಬದಲಾಯಿಸಿ ಮುಂದುವರಿಸಬೇಕು, ಅದಕ್ಕೆ ನಿಮ್ಮ ದೇಣಿಗೆ ಬೇಕು ಎಂದೇ ಈ ಲೇಖನದಲ್ಲಿ ಕೇಳುತ್ತಿದ್ದೇನೆ. ಈ ಎರಡು ಮಾತು ಒಟ್ಟಿಗೆ ಹೇಗೆ ನಿಲ್ಲುತ್ತವೆ ಎಂಬುದನ್ನು ವಿವರಿಸುವುದು ಕೋಶಾಧಿಕಾರಿಯಾಗಿ ನನ್ನ ಕರ್ತವ್ಯ.

ನಾವು ಮಾಡುತ್ತಿರುವುದೇನು

ಹೊಸ ಸದಸ್ಯರ ತಿಳಿವಳಿಕೆಗಾಗಿ ಎರಡು ಮಾತು. ನಮ್ಮ ವೈದ್ಯಕೀಯ ನಿಧಿಗೆ ಎರಡು ಖಾತೆಗಳಿವೆ. ಮೊದಲನೆಯದು ಆಸ್ಪತ್ರೆ ಬಿಲ್ಲಿನ ನೆರವು. ಆಪರೇಷನ್, ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ ಎಂದು ಅರ್ಜಿ ಹಾಕಿದ ಕುಟುಂಬಕ್ಕೆ ಒಂದು ಸಲ ಚೆಕ್ ಕೊಡುತ್ತೇವೆ. ಸಂಘ ಹುಟ್ಟಿದಾಗಿನಿಂದ ಇದು ನಡೆದು ಬಂದಿದೆ.

ಎರಡನೆಯದು ಶುಗರ್–ಬಿಪಿ ನಿಗಾ ಯೋಜನೆ. ಹೋಟೆಲ್ ಕಾರ್ಮಿಕರು, ಕ್ಯಾಂಟೀನ್ ಹುಡುಗರಾಗಿ ಬಂದು ಇಲ್ಲೇ ಮುದುಕರಾದವರು, ಮನೆಕೆಲಸದ ಹೆಂಗಸರು, ಚಾಳಿನಲ್ಲಿ ಒಂಟಿಯಾಗಿ ಉಳಿದ ಹಿರಿಯರು, ಹೀಗೆ 40 ಜನರನ್ನು ಆರಿಸಿಕೊಂಡೆವು. ತಿಂಗಳಿಗೊಂದು ಭಾನುವಾರ ಶಿಬಿರ, ಬಿಪಿ ಮತ್ತು ಸಕ್ಕರೆ ಪರೀಕ್ಷೆ, ತಿಂಗಳ ಮಾತ್ರೆ, ನಡುವೆ ಸಿಸ್ಟರ್ ಅವರಿಂದ ಒಂದು ಫೋನ್. ಒಬ್ಬರಿಗೆ ತಿಂಗಳಿಗೆ 750 ರೂಪಾಯಿ. 40 ಜನಕ್ಕೆ 12 ತಿಂಗಳಿಗೆ 3,60,000 ರೂಪಾಯಿ.

ಕಳೆದ ವರ್ಷದ ನನ್ನ ಲೆಕ್ಕ ಹೀಗಿತ್ತು. ಯೋಜನೆಗೆ ಸೇರುವ ಹಿಂದಿನ ವರ್ಷ ಈ 40 ಜನ ಒಟ್ಟು 22 ಸಲ ಆಸ್ಪತ್ರೆಗೆ ದಾಖಲಾಗಿದ್ದರು. ಸೇರಿದ ವರ್ಷ 9 ಸಲ. ಅಂದರೆ 13 ದಾಖಲಾತಿ ಕಡಿಮೆ. ನಮಗೆ ಬಂದ ಅರ್ಜಿಗಳ ಸರಾಸರಿ ಬಿಲ್ಲು 60,000 ರೂಪಾಯಿ. 13ನ್ನು 60,000ದಿಂದ ಗುಣಿಸಿದೆ, 7,80,000 ಬಂತು. ಹಾಕಿದ ಪ್ರತಿ ರೂಪಾಯಿಗೆ ಎರಡು ರೂಪಾಯಿಗೂ ಮೀರಿದ ಉಳಿತಾಯ ಎಂದು ದಪ್ಪಕ್ಷರದಲ್ಲಿ ಬರೆದೆ. ಲೆಕ್ಕದಲ್ಲಿ ಕೂಡುವುದು ಕಳೆಯುವುದು ಎಲ್ಲೂ ತಪ್ಪಿರಲಿಲ್ಲ. ತಪ್ಪಿದ್ದು ಬೇರೆ ಕಡೆ.

ಮೊದಲ ತಪ್ಪು: ಪಕ್ಕದ ಹೋಟೆಲಿನ ಗಲ್ಲಾ ನೋಡಲಿಲ್ಲ

ಹೋಟೆಲಿನವರಿಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ವ್ಯಾಪಾರ ತೀರಾ ಬಿದ್ದುಹೋದ ತಿಂಗಳಲ್ಲಿ ಮಾಲೀಕರು ಹೊಸ ಅಡುಗೆ ಭಟ್ಟರನ್ನು ಕರೆಸುತ್ತಾರೆ. ಎರಡು ತಿಂಗಳಲ್ಲಿ ವ್ಯಾಪಾರ ಏರುತ್ತದೆ. ಭಟ್ಟರ ಕೈಗುಣವೇ? ಇರಬಹುದು. ಆದರೆ ಬಿದ್ದ ತಿಂಗಳು ಮುಂಬಯಿಯ ಜಡಿಮಳೆಯ ಜುಲೈ ಆಗಿದ್ದರೆ, ಮಳೆ ನಿಂತ ಮೇಲೆ ಹಳೆಯ ಭಟ್ಟರಿದ್ದರೂ ಗಿರಾಕಿಗಳು ಬರುತ್ತಿದ್ದರು. ಭಟ್ಟರನ್ನು ಬದಲಿಸದ ಪಕ್ಕದ ಹೋಟೆಲಿನ ಗಲ್ಲಾ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ.

ರೋಗಿಗಳ ವಿಷಯವೂ ಹಾಗೆಯೇ. ನಮ್ಮ ಯೋಜನೆಗೆ ಯಾರು ಸೇರಿದರು? ಆಗಷ್ಟೇ ಆಸ್ಪತ್ರೆಯಿಂದ ಬಂದವರು, ಕಾಯಿಲೆ ಕೈಮೀರಿದ್ದವರು. ಅವರ ಅತಿ ಕೆಟ್ಟ ವರ್ಷದಲ್ಲಿ ನಾವು ಅವರ ಕೈ ಹಿಡಿದೆವು. ಅತಿ ಕೆಟ್ಟ ವರ್ಷದ ಮುಂದಿನ ವರ್ಷ ಸಾಮಾನ್ಯವಾಗಿ ಅಷ್ಟು ಕೆಟ್ಟದಾಗಿರುವುದಿಲ್ಲ. ನಾವು ಏನೂ ಮಾಡದಿದ್ದರೂ 22 ಎಂಬುದು ಸ್ವಲ್ಪ ಇಳಿಯುತ್ತಿತ್ತು.

ಈ ತಪ್ಪನ್ನು ಮಾಡಿದ್ದು ನಾನೊಬ್ಬನೇ ಅಲ್ಲ ಎಂಬುದು ಓದಿದ ಮೇಲೆ ಗೊತ್ತಾಯಿತು. ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ಕ್ಯಾಮ್ಡೆನ್ ಎಂಬ ಬಡ ನಗರವಿದೆ. ಪದೇ ಪದೇ ಆಸ್ಪತ್ರೆಗೆ ದಾಖಲಾಗುವವರನ್ನು ಗುರುತಿಸಿ, ನರ್ಸ್ ಮತ್ತು ಸಮಾಜ ಕಾರ್ಯಕರ್ತರು ಅವರ ಮನೆಗೇ ಹೋಗಿ ನೋಡಿಕೊಳ್ಳುವ ಯೋಜನೆಯೊಂದು ಅಲ್ಲಿ ಬಹಳ ಹೆಸರು ಮಾಡಿತು. 2011ರಲ್ಲಿ ಡಾ. ಅತುಲ್ ಗವಾಂಡೆ ಅದರ ಬಗ್ಗೆ ಬರೆದ ಮೇಲೆ ದೇಶವೇ ಅದರತ್ತ ನೋಡಿತು. ಮುಂದೆ ಆ ಸಂಸ್ಥೆಯವರೇ ಧೈರ್ಯ ಮಾಡಿ ತಮ್ಮ ಕೆಲಸವನ್ನು ಸರಿಯಾದ ಪರೀಕ್ಷೆಗೆ ಒಡ್ಡಿದರು. 800 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಯೋಜನೆ, ಇನ್ನೊಂದಕ್ಕೆ ಎಂದಿನ ಚಿಕಿತ್ಸೆ ಕೊಟ್ಟರು. 2020ರಲ್ಲಿ ಫಲಿತಾಂಶ ಹೊರಬಂತು. ಆರು ತಿಂಗಳೊಳಗೆ ಮತ್ತೆ ದಾಖಲಾದವರು ಯೋಜನೆಯಲ್ಲಿದ್ದವರಲ್ಲಿ ಶೇ. 62.3, ಇಲ್ಲದವರಲ್ಲಿ ಶೇ. 61.7. ವ್ಯತ್ಯಾಸವೇ ಇಲ್ಲ. ಯೋಜನೆಯಲ್ಲಿದ್ದವರ ಹಿಂದುಮುಂದಿನ ಸಂಖ್ಯೆಯನ್ನಷ್ಟೇ ನೋಡಿದ್ದರೆ ದೊಡ್ಡ ಇಳಿಕೆ ಕಾಣುತ್ತಿತ್ತು. ಅಷ್ಟೇ ಇಳಿಕೆ ಇನ್ನೊಂದು ಪಾಲಿನಲ್ಲೂ ಆಗಿತ್ತು.

ಅದಕ್ಕೂ ಮೊದಲು, 2005ರಲ್ಲಿ, ಅಮೆರಿಕದ ಸರಕಾರವೇ ಹಿರಿಯ ನಾಗರಿಕರ ವಿಮೆಯಾದ ಮೆಡಿಕೇರ್‌ನಲ್ಲಿ ಸಕ್ಕರೆ ಕಾಯಿಲೆ ಮತ್ತು ಹೃದಯ ವೈಫಲ್ಯದ ರೋಗಿಗಳಿಗಾಗಿ ಇಂಥ ನಿಗಾ ಯೋಜನೆಯನ್ನು ಪ್ರಾಯೋಗಿಕವಾಗಿ ನಡೆಸಿತ್ತು. ಫೋನಿನಲ್ಲಿ ನರ್ಸ್ ಸಲಹೆ ಅದರ ಮುಖ್ಯ ಭಾಗ. ಹೋಲಿಕೆಯ ಗುಂಪನ್ನು ಇಟ್ಟುಕೊಂಡು ನೋಡಿದಾಗ, ನಡೆಸಿದ ಕಂಪನಿಗಳಿಗೆ ಕೊಟ್ಟ ಶುಲ್ಕದಷ್ಟೂ ಉಳಿತಾಯ ಕಾಣಲಿಲ್ಲ. 2008ರಲ್ಲಿ ಅದನ್ನು ನಿಲ್ಲಿಸಿದರು.

ನಮ್ಮಲ್ಲಿ "ಪಕ್ಕದ ಹೋಟೆಲು" ಇದೆಯೇ ಎಂದು ಹುಡುಕಿದೆ. ಇತ್ತು. ಯೋಜನೆಗೆ ಅರ್ಜಿ ಹಾಕಿ, ಜಾಗವಿಲ್ಲದೆ ಕಾಯುವ ಪಟ್ಟಿಯಲ್ಲಿ ಉಳಿದ 24 ಜನ. ಅದೇ ಕಾಯಿಲೆ, ಹೆಚ್ಚುಕಡಿಮೆ ಅದೇ ವಯಸ್ಸು, ಅದೇ ದುಡಿಮೆ. ಒಬ್ಬೊಬ್ಬರಿಗೂ ಫೋನ್ ಮಾಡಿ ವಿಚಾರಿಸಿದೆವು. ಅರ್ಜಿ ಹಾಕುವ ಮುಂಚಿನ ವರ್ಷ ಅವರು 12 ಸಲ ದಾಖಲಾಗಿದ್ದರು, ಅನಂತರದ ವರ್ಷ 7 ಸಲ. ನಮ್ಮ ಒಂದು ಮಾತ್ರೆಯೂ ಇಲ್ಲದೆ ಇಷ್ಟು ಇಳಿದಿತ್ತು. ಅದೇ ಪ್ರಮಾಣದಲ್ಲಿ ಇಳಿದಿದ್ದರೆ ನಮ್ಮ 40 ಜನರ 22 ಎಂಬುದು ತಾನಾಗಿಯೇ ಸುಮಾರು 13 ಆಗುತ್ತಿತ್ತು. ಆದ್ದರಿಂದ ನಮ್ಮ ಪಾಲಿನ ಪುಣ್ಯ 22ರಿಂದ 9ಕ್ಕೆ ಇಳಿದ 13 ಅಲ್ಲ, 13ರಿಂದ 9ಕ್ಕೆ ಇಳಿದ 4 ಮಾತ್ರ.

ಎರಡನೆಯ ತಪ್ಪು: ಬಿಟ್ಟು ಹೋದವರನ್ನು ಬಿಟ್ಟುಬಿಟ್ಟೆ

ಈ 4 ಕೂಡ ಉಳಿಯಲಿಲ್ಲ. ಅದು ಗೊತ್ತಾದದ್ದು ಒಂದು ಚೆಕ್ಕಿಗೆ ಸಹಿ ಹಾಕುವಾಗ.

ಬಿಲ್ಲಿನ ನೆರವಿಗೆ ಒಂದು ಅರ್ಜಿ ಬಂದಿತ್ತು. ಕುಂದಾಪುರ ಕಡೆಯವರು, 54 ವರ್ಷ, ಅಡುಗೆ ಕೆಲಸ, ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನವಿಲ್ಲ. ಪತ್ನಿ ಊರಿನಿಂದ ಬಂದು ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದರು. ಸಮಿತಿ 50,000 ರೂಪಾಯಿ ಮಂಜೂರು ಮಾಡಿತು. ಚೆಕ್ಕಿನ ಮೇಲೆ ಹೆಸರು ಬರೆಯುವಾಗ ಇದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ನಿಗಾ ಯೋಜನೆಯ ರಿಜಿಸ್ಟರ್ ತೆರೆದರೆ ಮೊದಲ ಪುಟದಲ್ಲೇ ಅವರ ಹೆಸರು. ಆರನೆಯ ತಿಂಗಳಿನಿಂದ ಮುಂದೆ "ಗೈರು, ಗೈರು, ಗೈರು".

ವಿಚಾರಿಸಿದೆವು. ಕುರ್ಲಾದ ಹೋಟೆಲ್ ಬಿಟ್ಟು ವಸಯಿಯಲ್ಲಿ ಕೆಲಸಕ್ಕೆ ಸೇರಿದ್ದರು. ಭಾನುವಾರ ಹೋಟೆಲಿನಲ್ಲಿ ಅತಿ ಹೆಚ್ಚು ಗಿರಾಕಿ ಇರುವ ದಿನ, ರಜೆ ಸಿಗುವುದು ವಾರದ ನಡುವೆ. ನಮ್ಮ ಶಿಬಿರ ಭಾನುವಾರ ಬೆಳಿಗ್ಗೆ. ಮಾತ್ರೆ ಮುಗಿಯಿತು. "ತಲೆನೋವೇ ಇಲ್ಲ, ಮಾತ್ರೆ ಯಾಕೆ" ಎಂದುಕೊಂಡರು. ಎರಡು ಸಲ ಸಿಸ್ಟರ್ ಫೋನ್ ಮಾಡಿದ್ದಾರೆ, ಎತ್ತಿಲ್ಲ. ನಾವು ಹೆಸರಿನ ಮೇಲೆ ಗೆರೆ ಎಳೆದೆವು.

ಹೀಗೆ ನಾಲ್ಕು ಜನ ನಡುವೆ ಬಿಟ್ಟುಹೋಗಿದ್ದರು. ಕಳೆದ ವರ್ಷದ ಲೆಕ್ಕದಲ್ಲಿ ಅವರ ಹಿಂದಿನ ದಾಖಲಾತಿಗಳನ್ನು 22ರಲ್ಲಿ ಸೇರಿಸಿದ್ದೆ, ಬಿಟ್ಟ ಮೇಲಿನದನ್ನು 9ರಲ್ಲಿ ಸೇರಿಸಿರಲಿಲ್ಲ. ಬೇಕೆಂದು ಮಾಡಿದ್ದಲ್ಲ. ರಿಜಿಸ್ಟರಿನಲ್ಲಿ ಇರಲಿಲ್ಲ, ಹಾಗಾಗಿ ನನ್ನ ಕಣ್ಣಿಗೆ ಬೀಳಲಿಲ್ಲ. ಈಗ ಹುಡುಕಿದಾಗ ಆ ನಾಲ್ವರಲ್ಲಿ ಇಬ್ಬರು ಅದೇ ವರ್ಷದೊಳಗೆ ದಾಖಲಾಗಿದ್ದರು. 9 ಎಂಬುದು 11 ಆಯಿತು. ನಮ್ಮ ಪಾಲಿನ ಪುಣ್ಯ 4ರಿಂದ 2ಕ್ಕೆ ಬಂದು ನಿಂತಿತು.

ಯೋಜನೆಯ ಲೆಕ್ಕ ಮಾಡುವಾಗ ಮೊದಲ ದಿನ ಸೇರಿಸಿಕೊಂಡ ಪ್ರತಿಯೊಬ್ಬರನ್ನೂ ಕೊನೆಯ ದಿನ ಎಣಿಸಬೇಕು. ಚೆನ್ನಾಗಿ ನಡೆದುಕೊಂಡವರನ್ನು ಮಾತ್ರ ಎಣಿಸಿದರೆ ಯಾವ ಯೋಜನೆಯೂ ಚೆನ್ನಾಗಿಯೇ ಕಾಣುತ್ತದೆ.

ಮೂರನೆಯ ತಪ್ಪು: ಯಾರ ಜೇಬಿನ ಉಳಿತಾಯ?

ಇನ್ನು ನಮ್ಮ ಹಿರಿಯರ ಪ್ರಶ್ನೆಗೆ ಬರೋಣ. ಉಳಿದದ್ದು ಎಷ್ಟೇ ಇರಲಿ, ಯಾರಿಗೆ ಉಳಿಯಿತು?

60,000 ರೂಪಾಯಿ ಎಂಬುದು ನಮಗೆ ಅರ್ಜಿ ಹಾಕಿದವರ ಬಿಲ್ಲುಗಳ ಸರಾಸರಿ. ದೊಡ್ಡ ಬಿಲ್ಲು ಬಂದವರೇ ಅರ್ಜಿ ಹಾಕುತ್ತಾರೆ. ನಿಗಾ ಯೋಜನೆಯವರಲ್ಲಿ ಹೆಚ್ಚಿನವರು ದಾಖಲಾದದ್ದು ಪಾಲಿಕೆಯ ಆಸ್ಪತ್ರೆಗಳಲ್ಲಿ. ಅಲ್ಲಿ ಹಾಸಿಗೆಯ ವೆಚ್ಚ ಹೊರುವುದು ನಗರಪಾಲಿಕೆ. ಕುಟುಂಬಕ್ಕೆ ಬೀಳುವುದು ಹೊರಗಿನಿಂದ ತಂದ ಔಷಧ, ಕೆಲವು ಪರೀಕ್ಷೆ, ಜೊತೆಗಿದ್ದವರ ಊಟ–ಓಡಾಟ, ಹೋದ ದಿನಗೂಲಿ. ಪಾಲಿಕೆಯ ಒಂದು ಹಾಸಿಗೆ ಎರಡು ದಿನ ಖಾಲಿಯಾದರೆ ಅದರಲ್ಲಿ ಇನ್ನೊಬ್ಬ ರೋಗಿ ಮಲಗುತ್ತಾನೆ. ಒಳ್ಳೆಯದೇ. ಆದರೆ ಯಾರ ಗಲ್ಲಾಕ್ಕೂ ಹಣ ಬರುವುದಿಲ್ಲ.

ಧಾರಾಳವಾಗಿ 60,000ವನ್ನೇ ಹಿಡಿದರೂ 2 ದಾಖಲಾತಿಗೆ 1,20,000 ರೂಪಾಯಿ. ನಮ್ಮ ಖರ್ಚು 3,60,000. ಜೊತೆಗೆ 2 ಎಂಬುದು ಎಷ್ಟು ಸಣ್ಣ ಸಂಖ್ಯೆಯೆಂದರೆ, ಒಂದು ಮಳೆಗಾಲದ ಡೆಂಗೀ ಅದನ್ನು ಅತ್ತಿತ್ತ ಮಾಡಬಲ್ಲದು. ಆದ್ದರಿಂದ ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಇದು: ಉಳಿದ ಹಣ ಯಾವ ಖಾತೆಯಲ್ಲೂ ಇಲ್ಲ, ಏಕೆಂದರೆ ಉಳಿದಿಲ್ಲ. ಆ ಹಿರಿಯರಿಗೆ ಇದನ್ನು ಮನೆಗೆ ಹೋಗಿ ಹೇಳಿ ಬಂದಿದ್ದೇನೆ.

ಹಾಗಾದರೆ 3,60,000 ರೂಪಾಯಿಯಲ್ಲಿ ಕೊಂಡದ್ದೇನು?

ಅವರು ಚಹಾ ಕೊಟ್ಟು ಇನ್ನೊಂದು ಪ್ರಶ್ನೆ ಕೇಳಿದರು. "ಹಣ ಉಳೀಲಿಲ್ಲ, ಸರಿ. ಬೇರೆ ಏನಾದರೂ ಸಿಕ್ಕಿತೋ?" ನಿಜವಾಗಿ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಬಿಪಿ ಹತೋಟಿಯಲ್ಲಿರುವುದು ಎಂದರೆ ಇಲ್ಲಿ 140/90ಕ್ಕಿಂತ ಕೆಳಗೆ ಇರುವುದು ಎಂದು ಇಟ್ಟುಕೊಂಡಿದ್ದೇವೆ. ಆರಂಭದಲ್ಲಿ ನಮ್ಮ 40 ಜನರಲ್ಲಿ 11 ಜನರ ಬಿಪಿ ಹತೋಟಿಯಲ್ಲಿತ್ತು. ವರ್ಷದ ಕೊನೆಗೆ 25 ಜನರದು, ಬಿಟ್ಟುಹೋದ ನಾಲ್ವರನ್ನೂ ಹತೋಟಿ ಇಲ್ಲದವರೆಂದೇ ಎಣಿಸಿದ ಮೇಲೆ. ಕಾಯುವ ಪಟ್ಟಿಯ 24 ಜನರಲ್ಲಿ ಪರೀಕ್ಷೆಗೆ ಬಂದವರು 21, ಉಳಿದ ಮೂವರು ಊರಿಗೆ ಹೋಗಿದ್ದರು. ಆ 21ರಲ್ಲಿ ಮೊದಲು 6 ಜನ, ಈಗ 8 ಜನ. ಅದೇ ಪ್ರಮಾಣದಲ್ಲಿ ನಮ್ಮವರು ತಾವಾಗಿಯೇ 11ರಿಂದ ಸುಮಾರು 15 ಆಗುತ್ತಿದ್ದರು. ಆದವರು 25. ಹತ್ತು ಜನ ಹೆಚ್ಚು.

3,60,000ವನ್ನು ಹತ್ತರಿಂದ ಭಾಗಿಸಿದರೆ, ಹೆಚ್ಚುವರಿಯಾಗಿ ಒಬ್ಬರ ಬಿಪಿ ಹತೋಟಿಗೆ ಬರಲು ವರ್ಷಕ್ಕೆ 36,000 ರೂಪಾಯಿ. "ಒಬ್ಬ ಫಲಾನುಭವಿಗೆ 9,000 ರೂಪಾಯಿ" ಎಂದು ಬರೆಯುವುದು ಸುಲಭ, ಓದಲೂ ಚೆಂದ. ಆದರೆ ಹೆಸರು ನೋಂದಾಯಿಸಿದ್ದಕ್ಕೆ ಬಿದ್ದ ಬೆಲೆ ಅದು. ಗುಣ ಕಂಡದ್ದಕ್ಕೆ ಬಿದ್ದ ಬೆಲೆ 36,000.

ಇದರಿಂದ ಏನು ಪ್ರಯೋಜನ ಎಂದರೆ, ಅದು ಒಂದು ವರ್ಷದಲ್ಲಿ ಕಾಣುವಂಥದ್ದಲ್ಲ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾದ ದೊಡ್ಡ ಸಕ್ಕರೆ ಕಾಯಿಲೆಯ ಅಧ್ಯಯನದ ಫಲಿತಾಂಶ 1998ರಲ್ಲಿ ಬಂತು. ಬಿಪಿಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟ ಸಕ್ಕರೆ ರೋಗಿಗಳಲ್ಲಿ ಲಕ್ವದ ಪ್ರಮಾಣ ಶೇ. 44ರಷ್ಟು ಕಡಿಮೆಯಿತ್ತು. ಕಣ್ಣು, ಮೂತ್ರಪಿಂಡಗಳ ತೊಂದರೆಯೂ ಇಳಿದಿತ್ತು. ಆದರೆ ಇದಕ್ಕಾಗಿ ಅವರು ರೋಗಿಗಳನ್ನು ಎಂಟು ವರ್ಷಕ್ಕೂ ಮೇಲ್ಪಟ್ಟು ಗಮನಿಸಿದ್ದರು. ತೆಂಗಿನ ಸಸಿ ನೆಟ್ಟವನು ಮುಂದಿನ ವರ್ಷದ ಮಹಾಸಭೆಗೆ ಎಳನೀರು ತರಲಾರ.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಚೆನ್ನೈ ಇದೆ. ಡಾ. ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಜನರನ್ನು ಮೂರು ವರ್ಷ ನೋಡಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಿಶೇಷ ಸಲಹೆ ಇಲ್ಲದವರಲ್ಲಿ ಶೇ. 55 ಜನರಿಗೆ ಕಾಯಿಲೆ ಬಂತು. ಊಟ–ನಡಿಗೆಯ ಸಲಹೆ ಸಿಕ್ಕವರಲ್ಲಿ ಶೇ. 39.3 ಜನರಿಗೆ. ಅವರು ಅಲ್ಲಿಗೇ ನಿಲ್ಲಲಿಲ್ಲ. ಒಬ್ಬರಿಗೆ ಕಾಯಿಲೆ ಬರುವುದನ್ನು ತಪ್ಪಿಸಲು ಎಷ್ಟು ಖರ್ಚಾಯಿತು ಎಂದೂ ಲೆಕ್ಕ ಹಾಕಿದರು. 1,052 ಡಾಲರ್, ಆಗಿನ ದರದಲ್ಲಿ ಸುಮಾರು 47 ಸಾವಿರ ರೂಪಾಯಿ. ಗಮನಿಸಿ, ಅವರು "ಇಷ್ಟು ಉಳಿಯಿತು" ಎನ್ನಲಿಲ್ಲ. "ಇಷ್ಟಕ್ಕೆ ಇದು ಸಿಕ್ಕಿತು, ಕೊಳ್ಳಬೇಕೇ ಬೇಡವೇ ನೀವು ಹೇಳಿ" ಎಂದು ಮುಂದಿಟ್ಟರು. ಅದೇ ಪ್ರಾಮಾಣಿಕ ರೀತಿ.

ಆಸ್ಪತ್ರೆ ಬಿಲ್ಲಿಗೆ ಚೆಕ್ ಕೊಡುವಾಗ ನಾವು ಯಾರೂ "ಇದರಿಂದ ಎಷ್ಟು ಹಣ ಉಳಿಯಿತು" ಎಂದು ಕೇಳುವುದಿಲ್ಲ. ಒಂದು ಜೀವ ಉಳಿಯಿತೇ ಎಂದು ಕೇಳುತ್ತೇವೆ. ಲಕ್ವ ಹೊಡೆದ ಮೇಲೆ 50,000 ಕೊಡಲು ಒಪ್ಪುವ ನಾವು, ಲಕ್ವ ಹೊಡೆಯದಿರಲು ಕೊಡುವ ಹಣಕ್ಕೆ ಮಾತ್ರ ಲಾಭ ಕೇಳುವುದು ಸರಿಯಲ್ಲ. ಆ ಅಡುಗೆಯವರು ಈಗ ಊರಿನಲ್ಲಿದ್ದಾರೆ. ಮಗಳು ಪಿಯುಸಿ ಬಿಟ್ಟು ಗೇರುಬೀಜದ ಕಾರ್ಖಾನೆಗೆ ಹೋಗುತ್ತಿದ್ದಾಳೆ. ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಬಿಲ್ಲಿನ ಖಾತೆಗೂ ಅದೇ ಕನ್ನಡಕ

ಒಂದು ಖಾತೆಗೆ ಕನ್ನಡಕ ಹಾಕಿ ಇನ್ನೊಂದನ್ನು ಬಿಟ್ಟರೆ ಅನ್ಯಾಯ. ಬಿಲ್ಲಿನ ನೆರವಿನಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ನಾವು ಕೊಡದಿದ್ದರೆ ಏನಾಗುತ್ತಿತ್ತು?

ಕಳೆದ ವರ್ಷ 31 ಕುಟುಂಬಗಳಿಗೆ ಕೊಟ್ಟೆವು. ಕಾಗದಪತ್ರ ಮತ್ತೆ ನೋಡಿದಾಗ ಅವುಗಳಲ್ಲಿ 9 ಕುಟುಂಬಗಳಿಗೆ ಆ ಚಿಕಿತ್ಸೆ ಉಚಿತವಾಗಿಯೋ ರಿಯಾಯಿತಿಯಲ್ಲಿಯೋ ಸಿಗಬೇಕಾಗಿತ್ತು. ತಲಾ 25,000ದಂತೆ 2,25,000 ರೂಪಾಯಿ. ಕಾನೂನು ಕೊಡಬೇಕಾದದ್ದನ್ನು ನಿಮ್ಮ ದೇಣಿಗೆ ಕೊಟ್ಟಿತು. ಇದರಲ್ಲಿ ಆ ಕುಟುಂಬಗಳ ತಪ್ಪಿಲ್ಲ. ಅವರಿಗೆ ಗೊತ್ತಿರಲಿಲ್ಲ, ನಾವು ಹೇಳಲಿಲ್ಲ.

ಎಲ್ಲ ಸದಸ್ಯರೂ ತಿಳಿದಿರಬೇಕಾದ ಕೆಲವು ವಿಷಯಗಳನ್ನು ಇಲ್ಲಿ ಹೇಳಿಬಿಡುತ್ತೇನೆ. ಮಹಾರಾಷ್ಟ್ರದಲ್ಲಿ ಧರ್ಮದತ್ತಿಯಾಗಿ ನೋಂದಾಯಿತವಾದ ದೊಡ್ಡ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ಬಡವರಿಗೆ ಉಚಿತವಾಗಿ, ಇನ್ನೂ ಶೇ. 10ರಷ್ಟನ್ನು ಆರ್ಥಿಕವಾಗಿ ದುರ್ಬಲರಾದವರಿಗೆ ರಿಯಾಯಿತಿಯಲ್ಲಿ ಕೊಡಬೇಕು. ಒಟ್ಟು ಬಿಲ್ಲಿಂಗಿನ ಶೇ. 2ನ್ನು ಇದಕ್ಕಾಗಿಯೇ ಪ್ರತ್ಯೇಕ ನಿಧಿಯಲ್ಲಿ ಇಡಬೇಕು. ಬಾಂಬೆ ಹೈಕೋರ್ಟ್ 2006ರಲ್ಲಿ ಒಪ್ಪಿದ ಯೋಜನೆ ಇದು. ಆಸ್ಪತ್ರೆಯ ಸಮಾಜ ಸೇವಾ ವಿಭಾಗದಲ್ಲಿ ತಹಶೀಲ್ದಾರರ ಆದಾಯ ಪತ್ರ ಅಥವಾ ಪಡಿತರ ಚೀಟಿಯೊಂದಿಗೆ ಕೇಳಬೇಕು. ಬಿಲ್ಲು ಕಟ್ಟಿ ಮನೆಗೆ ಬಂದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ದಾಖಲಾದ ದಿನವೇ ಕೇಳಬೇಕು.

ರಾಜ್ಯದ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ. 2018ರಲ್ಲಿ ಬಂದ ಕೇಂದ್ರದ ಆಯುಷ್ಮಾನ್ ಯೋಜನೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು ಕೊಡುತ್ತದೆ, ಅದರ ಕಾರ್ಡು ಬೇರೆ ರಾಜ್ಯದಲ್ಲೂ ನಡೆಯುತ್ತದೆ. ನಮ್ಮ ಕಾರ್ಮಿಕರ ಪಡಿತರ ಚೀಟಿ ಊರಿನಲ್ಲಿ, ದುಡಿಮೆ ಇಲ್ಲಿ. ಅವರಿಗೆ ಇದು ಮುಖ್ಯ. 2024ರ ಅಕ್ಟೋಬರಿನಿಂದ 70 ವರ್ಷ ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ಈ ಕಾರ್ಡು ಸಿಗುತ್ತದೆ. ನಿಮ್ಮ ಮನೆಯ ಹಿರಿಯರಿಗೆ ಮಾಡಿಸಿದ್ದೀರಾ?

ಇಂಥ ಯೋಜನೆಗಳು ನಿಜಕ್ಕೂ ಕೆಲಸ ಮಾಡುತ್ತವೆಯೇ ಎಂಬ ಸಂಶಯಕ್ಕೆ ಕರ್ನಾಟಕವೇ ಉತ್ತರ ಕೊಟ್ಟಿದೆ. ಬಡತನ ರೇಖೆಗಿಂತ ಕೆಳಗಿನವರಿಗಾಗಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಜ್ಯದ ಉತ್ತರ ಭಾಗದಲ್ಲಿ ಮೊದಲು ಬಂದಾಗ, ಅದು ಜಾರಿಯಾದ ಪ್ರದೇಶದ ಗಡಿಯ ಈಚೆಗೂ ಆಚೆಗೂ ಇದ್ದ 572 ಹಳ್ಳಿಗಳ ಸುಮಾರು 60 ಸಾವಿರ ಕುಟುಂಬಗಳನ್ನು ಸಂಶೋಧಕರು ಹೋಲಿಸಿದರು. ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆದ ಸಾವು ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಯೋಜನೆಗೆ ಅರ್ಹತೆಯಿಲ್ಲದ, ಬಡತನ ರೇಖೆಯ ಮೇಲಿನ ಕುಟುಂಬಗಳಲ್ಲಿ ಎರಡೂ ಕಡೆ ಅಂಥ ವ್ಯತ್ಯಾಸವಿರಲಿಲ್ಲ. 2014ರಲ್ಲಿ ಇದು ಪ್ರಕಟವಾಯಿತು. ಪಕ್ಕದ ಹೋಟೆಲಿನ ಗಲ್ಲಾ ನೋಡಿ ಹೇಳಿದ ಮಾತು ಇದು, ಹಾಗಾಗಿ ನಂಬಬಹುದು.

ಏನು ಬದಲಾಯಿಸುತ್ತಿದ್ದೇವೆ

ಕಾರ್ಯಕಾರಿ ಸಮಿತಿ ಈ ಕೆಳಗಿನ ನಿರ್ಣಯಗಳನ್ನು ಒಪ್ಪಿದೆ.

ಒಂದು, ಶಿಬಿರ ಇನ್ನು ಭಾನುವಾರ ಬೆಳಿಗ್ಗೆ ಮಾತ್ರವಲ್ಲ. ತಿಂಗಳಿಗೊಂದು ಬುಧವಾರ ಮಧ್ಯಾಹ್ನ ಮೂರರಿಂದ ಐದರವರೆಗೂ ಇರುತ್ತದೆ, ಹೋಟೆಲಿನಲ್ಲಿ ಊಟದ ಗಡಿಬಿಡಿ ಮುಗಿದು ತಿಂಡಿಯ ಗಡಿಬಿಡಿ ಶುರುವಾಗುವ ಮೊದಲು. ಎರಡು ತಿಂಗಳು ಬಾರದವರ ಹೆಸರಿಗೆ ಗೆರೆ ಎಳೆಯುವುದಿಲ್ಲ. ಅವರು ಕೆಲಸ ಮಾಡುವ ಜಾಗಕ್ಕೆ ಒಬ್ಬ ಸ್ವಯಂಸೇವಕರು ಹೋಗುತ್ತಾರೆ.

ಎರಡು, 750 ರೂಪಾಯಿಯಲ್ಲಿ 400 ಮಾತ್ರೆಗೆ, 150 ಪರೀಕ್ಷೆಗೆ, 200 ಸಿಸ್ಟರ್ ಅವರ ವೇತನಕ್ಕೆ ಹೋಗುತ್ತಿತ್ತು. ಕಂಪನಿ ಹೆಸರಿನ ಮಾತ್ರೆಯ ಬದಲು, ವೈದ್ಯರ ಒಪ್ಪಿಗೆ ಪಡೆದು, ಜನೌಷಧಿ ಅಂಗಡಿಯ ಅದೇ ಔಷಧಕ್ಕೆ ಬದಲಾಗುತ್ತಿದ್ದೇವೆ. ಪಾಲಿಕೆಯ ದವಾಖಾನೆಯಲ್ಲಿ ಸಿಗುವುದನ್ನು ಅಲ್ಲಿಂದಲೇ ಕೊಡಿಸುತ್ತೇವೆ. ಮಾತ್ರೆಯ ಖರ್ಚು 150ಕ್ಕೆ ಇಳಿಯುತ್ತದೆ ಎಂದು ಅಂದಾಜು. ಒಬ್ಬರಿಗೆ ತಿಂಗಳಿಗೆ 500, 40 ಜನಕ್ಕೆ ವರ್ಷಕ್ಕೆ 2,40,000. ಅದೇ ಹತ್ತು ಜನರ ಗುಣ ಉಳಿದರೆ, ಒಬ್ಬರಿಗೆ 36,000 ಇದ್ದದ್ದು 24,000 ಆಗುತ್ತದೆ. ಸಿಸ್ಟರ್ ಅವರ 200 ರೂಪಾಯಿಯನ್ನು ಮುಟ್ಟುವುದಿಲ್ಲ. "ಆಡಳಿತ ವೆಚ್ಚ ಕಡಿಮೆ ಮಾಡಿ" ಎಂದು ಕೆಲವು ದಾನಿಗಳು ಸಲಹೆ ಕೊಟ್ಟಿದ್ದಾರೆ. ಮಾತ್ರೆ ಎಲ್ಲಿ ಬೇಕಾದರೂ ಸಿಗುತ್ತದೆ. ಮಾತ್ರೆ ತಪ್ಪಿಸಿದವನಿಗೆ ಫೋನ್ ಮಾಡುವವರು ಸಿಗುವುದಿಲ್ಲ. ನಮ್ಮ ಯೋಜನೆ ಎಂದರೆ ಆ ಫೋನೇ.

ಮೂರು, ಬಿಲ್ಲಿನ ನೆರವಿಗೆ ಅರ್ಜಿ ಬಂದ ದಿನವೇ, ಸರಕಾರಿ ಯೋಜನೆ ಅಥವಾ ಧರ್ಮದತ್ತಿ ಹಾಸಿಗೆಗೆ ಅರ್ಹತೆ ಇದೆಯೇ ಎಂದು ಒಬ್ಬರು ಆಸ್ಪತ್ರೆಗೆ ಹೋಗಿ ನೋಡುತ್ತಾರೆ. ಇಲ್ಲವೆಂದಾದರೆ ಅಥವಾ ತಡವಾದರೆ ನಮ್ಮ ಚೆಕ್. ಯಾರ ಚಿಕಿತ್ಸೆಯೂ ಕಾಗದಕ್ಕಾಗಿ ನಿಲ್ಲುವುದಿಲ್ಲ.

ನಾಲ್ಕು, ಇನ್ನು ಮುಂದೆ ವಾರ್ತಾಪತ್ರದಲ್ಲಿ "ಉಳಿತಾಯ" ಎಂಬ ಸಾಲು ಇರುವುದಿಲ್ಲ. ಸೇರಿದವರು ಎಷ್ಟು, ಬಿಟ್ಟವರು ಎಷ್ಟು, ಹತೋಟಿಗೆ ಬಂದವರು ಎಷ್ಟು, ಕಾಯುವ ಪಟ್ಟಿಯವರ ಸ್ಥಿತಿ ಏನು, ಒಟ್ಟು ಖರ್ಚು ಎಷ್ಟು, ಈ ಐದು ಸಂಖ್ಯೆ ಇರುತ್ತವೆ. ಕೆಟ್ಟ ವರ್ಷದಲ್ಲೂ ಇರುತ್ತವೆ.

ನಿಮ್ಮಲ್ಲಿ ವಿನಂತಿ

ಕಾಯುವ ಪಟ್ಟಿಯಲ್ಲಿ 24 ಜನ ಇನ್ನೂ ಕಾಯುತ್ತಿದ್ದಾರೆ. ಲೆಕ್ಕಕ್ಕೆ ಅವರು ನಮಗೆ ಉಪಕಾರ ಮಾಡಿದರು. ಅವರನ್ನು ಹಾಗೆಯೇ ಬಿಡಲಾಗದು. ಒಬ್ಬರಿಗೆ ವರ್ಷಕ್ಕೆ 6,000 ರೂಪಾಯಿಯಂತೆ 24 ಜನಕ್ಕೆ 1,44,000 ರೂಪಾಯಿ ಬೇಕು. ಈ ಹಣ ಲಾಭ ತರುವುದಿಲ್ಲ ಎಂದು ಮೊದಲೇ ಹೇಳುತ್ತಿದ್ದೇನೆ. ಸರಿಯಾಗಿ ನಡೆಸಿದರೆ ಕೆಲವರ ಕೈಕಾಲು, ಕೆಲವರ ಕಣ್ಣು, ಒಂದೆರಡು ಮಕ್ಕಳ ಓದು ಉಳಿಯಬಹುದು. ಯಾರದು ಎಂದು ನಮಗೆ ಎಂದೂ ಗೊತ್ತಾಗುವುದಿಲ್ಲ.

ದೇಣಿಗೆಗೆ 80ಜಿ ರಸೀದಿ ಕೊಡುತ್ತೇವೆ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ, ಹಾಗಾಗಿ ಚೆಕ್ ಅಥವಾ ಬ್ಯಾಂಕ್ ಮೂಲಕ ಕಳುಹಿಸಿ. ಹಣ ಕೊಡಲಾಗದವರು ಬುಧವಾರದ ಎರಡು ಗಂಟೆ ಕೊಡಿ, ಆಸ್ಪತ್ರೆಯಲ್ಲಿ ಅರ್ಜಿ ತುಂಬಿಸಲು ಮರಾಠಿ ಬಲ್ಲ ಕೈಗಳು ಬೇಕಾಗಿವೆ. ಎರಡೂ ಖಾತೆಯ ಪುಸ್ತಕಗಳು, ರೋಗಿಗಳ ಹೆಸರು ಮುಚ್ಚಿ, ಸಂಘದ ಕಚೇರಿಯಲ್ಲಿ ಶನಿವಾರ ಸಂಜೆ ಯಾವ ಸದಸ್ಯರೂ ನೋಡಬಹುದು.

ಆ ಹಿರಿಯ ದಾನಿ ಈ ಸಲವೂ ತಮ್ಮ ಚೆಕ್ ಕಳುಹಿಸಿದ್ದಾರೆ, ಕಳೆದ ವರ್ಷದಷ್ಟೇ ಮೊತ್ತ. ಜೊತೆಗೊಂದು ಚೀಟಿ ಇತ್ತು. "ಮುಂದಿನ ಮಹಾಸಭೆಗೂ ಬರ್ತೇನೆ, ಲೆಕ್ಕ ತಯಾರಿರಲಿ."

ತಯಾರಿರುತ್ತದೆ.

ನಿಮ್ಮ ವಿಶ್ವಾಸಿ,
ಕೋಶಾಧಿಕಾರಿ, ವೈದ್ಯಕೀಯ ನೆರವು ನಿಧಿ